ಮರ್ಯಾದಸ್ಥ ಕಾಯಿಲೆ

ಔಷಧಿ ಅಂಗಡಿಯ ಸಾಲಿನಲ್ಲಿ ದರ್ಜಿ ಹೆಂಗಸೊಬ್ಬಳ ಮುಂದೆ ಅಕ್ಕ ತಮ್ಮ ನಿಂತಿದ್ದರು. ಹಿಂದಿನ ವಾರ ಆಫೀಸಿನ ಲಿಫ್ಟಿನಲ್ಲಿ ಗಾಬರಿಯಿಂದ ಎದೆ ಡವಡವ ಹೊಡೆದು, ಉಸಿರು ಕಟ್ಟಿ ಕುಸಿದವನು ತಮ್ಮ ಎಂಬುದು ಅವರ ಮಾತಿಗೆ ಕಿವಿಗೊಡದಿದ್ದರೂ ದರ್ಜಿಗೆ ತಿಳಿದುಹೋಯಿತು. ಡಾಕ್ಟರ ಚೀಟಿ ಅವನ ಕೈಬೆವರಿಗೆ ಒದ್ದೆಯಾಗಿತ್ತು.

"ಈ ಮಾತ್ರೆ ತಗೊಂಡ್ರೆ ಅಭ್ಯಾಸ ಆಗ್ಬಿಡುತ್ತಂತೆ ಅಕ್ಕ."

"ಯಾರಂದ್ರು?"

"ಕಟಿಂಗ್ ಶಾಪಿನವನು. ನಮ್ಮಾಫೀಸಿನ ವಾಚ್‌ಮನ್ನೂ ಅಂದ."

"ಡಾಕ್ಟ್ರು ಏನಂದ್ರು?"

"ತಗೋ ಅಂದ್ರು. ಡಾಕ್ಟ್ರನ್ನ ಕೇಳಿದ್ರೆ ಇನ್ನೇನಂತಾರೆ?"

"ಸರಿ, ಹಂಗಾದ್ರೆ ಲಿಫ್ಟಲ್ಲೇ ಬಿದ್ದಿರು."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

"ಅಮ್ಮ ಕೇಳಿದ್ರೆ ಏನನ್ನಲಿ? ಮಗನಿಗೆ ತಲೆ ಕೆಟ್ಟಿದೆ ಅಂತ ಅತ್ತು ರಂಪ ಮಾಡ್ತಾಳೆ."

"ಬಿಪಿ ಮಾತ್ರೆ ಅನ್ನು. ನಮ್ಮನೇಲಿ ಬಿಪಿಗೆ ಮರ್ಯಾದೆ ಇದೆ."

"ನಂಬ್ತಾಳಾ?"

"ನಂಬಿದ ಹಾಗೆ ಮಾಡ್ತಾಳೆ. ಒಂಬತ್ತು ವರ್ಷದಿಂದ ಅವಳು ನುಂಗ್ತಿರೋ ಬಿಪಿ ಮಾತ್ರೆನೂ ಇದೇ ಕಣೋ. ನಾನೇ ತಂದ್ಕೊಡೋದು."

ಅಂಗಡಿಯವನು ಕೈ ಚಾಚಿದಾಗ ತಮ್ಮ ಚೀಟಿ ಕೊಟ್ಟ. ಮಾತ್ರೆಯನ್ನು ಜೇಬಿಗಿಳಿಸಿ ಮೆಟ್ಟಿಲಿಳಿಯುವಾಗ ಅವನು ಅಕ್ಕನ ಕಿವಿಯ ಹತ್ತಿರ ಬಾಗಿ ಕೇಳಿದ್ದು ದರ್ಜಿಗೂ ಕೇಳಿಸಿತು.

"ಹಂಗಾದ್ರೆ ಅಪ್ಪನ ಗ್ಯಾಸಿನ ಮಾತ್ರೆ?"