ನಕ್ಷೆಯಲ್ಲಿ ಎಳೆಯದ ನದಿ

ಹೆಸರು: ಎದುವಿಹೆಸ್ ಕರ್ರಾಸ್ಕೊ. ವಯಸ್ಸು: 51. ಉದ್ಯೋಗ: ಶಾಲಾ ಶಿಕ್ಷಕಿ. ವಾಸ: ವಾದೊ ಸೆಕೊ ಗ್ರಾಮ, ಚಿವಾವಾ ರಾಜ್ಯ, ಮೆಕ್ಸಿಕೊ.

ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಶಾಲೆಯ ಗೋಡೆಯ ಮೇಲೆ 1908ರ ಸರ್ವೆ ನಕ್ಷೆ ಇದೆ. ನಮ್ಮ ದೇಶಕ್ಕೂ ಉತ್ತರಕ್ಕಿರುವ ಆಚೆಯ ದೇಶಕ್ಕೂ ರಿಯೊ ಬ್ರಾವೊ ನದಿಯೇ ಗಡಿ. ಪ್ರವಾಹದಲ್ಲಿ ನದಿ ಪಾತ್ರ ಬದಲಿಸಿದರೆ ಹೊಸ ಗೆರೆಯನ್ನು ಊರ ಹಿರಿಯರ ಎದುರು ಪೆನ್ಸಿಲಿನಲ್ಲಿ ಎಳೆಯುವುದು ಶಿಕ್ಷಕರ ಕೆಲಸ. ಹಿಂದಿನವರು ಆರು ಎಳೆದಿದ್ದಾರೆ, ನಾನು ಮೂರು.

ಹೋದ ಸೆಪ್ಟೆಂಬರಿನಲ್ಲಿ ನದಿ ನನ್ನ ತಮ್ಮ ನಿಕನೋರನ ಕಲ್ಲಂಗಡಿ ಹೊಲದ ದಕ್ಷಿಣಕ್ಕೆ ಹರಿಯತೊಡಗಿ, ಹೊಲ ಆಚೆ ದಡವಾಯಿತು. ಗೆರೆ ಬಿದ್ದರೆ ಗಡಿ ಕಚೇರಿಯವರು ಹೊಲವನ್ನು ಆಚೆಯ ದೇಶಕ್ಕೆ ಬರೆದುಬಿಡುತ್ತಾರೆಂದು ಅವನು ಹೆದರಿದ. "ಅಕ್ಕಾ, ನದಿಗೇನು ಓದೋಕೆ ಬರುತ್ತಾ? ನೀನು ಬರೀದಿದ್ರೆ ಅದೇನು ಕೋಪ ಮಾಡ್ಕೊಳ್ಳಲ್ಲ" ಎಂದ. ನಾನು ಎಳೆಯಲಿಲ್ಲ. ಹಿರಿಯರೂ ಕೇಳಲಿಲ್ಲ.

ಇಂದು ಬೆಳಿಗ್ಗೆ 6ಕ್ಕೆ ಅವನು ಮೊಣಕಾಲುದ್ದ ನೀರು ದಾಟಿ ಹೊಲಕ್ಕೆ ಹೋದ. ಮಧ್ಯಾಹ್ನ ನೀರು ಏರಿತು. ನಾನೇ ಹೇಳಿಕಳುಹಿಸಿದ್ದರಿಂದ 2:50ಕ್ಕೆ ಪಟ್ಟಣದಿಂದ ಸಾರ್ಜೆಂಟ್ ಒಲಿವಾಸ್ ಕುದುರೆ ಸವಾರರೊಡನೆ, ಗಾಡಿಯಲ್ಲಿ ಒಂದು ದೋಣಿ ಹೇರಿಸಿಕೊಂಡು ಶಾಲೆಗೆ ಬಂದರು. ಜೊತೆಯಲ್ಲಿ ಗಡಿ ಕಚೇರಿಯ ಎಂಜಿನಿಯರರೂ ಇದ್ದರು. ಊರಿನ ಗಂಡಸರು ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗಿದ್ದರು.

ಸಾರ್ಜೆಂಟ್ ನಕ್ಷೆಯ ಮೇಲೆ ಬೆರಳಿಟ್ಟು, ಹೊಲ ಈಚೆಯೇ ಇದೆ, ನದಿ ಅದರಾಚೆ ಎಂದರು. "ಒಣ ನೆಲದ ಮೇಲೆ ದೋಣಿ ಎಳ್ಕೊಂಡು ಹೋಗಿ ಏನು ಉಳೋದಾ, ಟೀಚರಮ್ಮ?" ಸವಾರರು ನಕ್ಕರು. ಇದ್ದ ಒಂದೇ ದೋಣಿಯನ್ನು 3:01ಕ್ಕೆ ಹೇಸರಗತ್ತೆ ಗಾಡಿಯಲ್ಲಿ ಕೆಳಗಿನ ಊರಿಗೆ ಕಳುಹಿಸಿದರು.

ನದಿ ಸರಿದಿದೆ, ಗೆರೆ ನಾನೇ ಎಳೆದಿಲ್ಲ ಎಂದು ನಾನು ಹೇಳಲಿಲ್ಲ. ಎಂಜಿನಿಯರರು ನನ್ನಿಂದ ಎರಡು ಅಡಿ ದೂರದಲ್ಲಿ ನಿಂತು ಆ ಆರು ಮತ್ತು ಮೂರು ಗೆರೆಗಳನ್ನು ಎಣಿಸುತ್ತಿದ್ದರು. ಹೀಗೆ ಹನ್ನೊಂದು ನಿಮಿಷ. ನನ್ನ ತಮ್ಮನಿಗೆ ಈಜು ಬಾರದು. ಈ ನದಿ ದಡದವರಲ್ಲಿ ಹೆಚ್ಚಿನವರಿಗೆ ಬಾರದು. ವರ್ಷದ ಹತ್ತು ತಿಂಗಳು ಅದರ ಅಗತ್ಯ ಬೀಳುವುದಿಲ್ಲ.

3:12ಕ್ಕೆ ಮಾಳಿಗೆ ಹತ್ತಿದೆ. ಸುಮಾರು 1,400 ಮೀಟರ್ ದೂರದಲ್ಲಿ, ಹೊಲದ ಗುಡಿಸಿಲ ಸೂರಿನ ಮೇಲೆ ಅವನು ಕುಳಿತಿದ್ದ. ಕೈ ಬೀಸುತ್ತಿರಲಿಲ್ಲ. ಅಕ್ಕನಿಗೆ ಗೊತ್ತಿದೆ, ದೋಣಿ ಬರುತ್ತದೆ ಎಂದುಕೊಂಡವನ ಹಾಗೆ ಕುಳಿತಿದ್ದ.

ಕೆಳಗಿಳಿದು ಇಬ್ಬರ ಎದುರೂ ನದಿ ಸರಿದದ್ದನ್ನು ಹೇಳಿದೆ. ಕೆಳಗಿನ ಊರಲ್ಲೂ ಜನ ನೀರಿನಲ್ಲಿದ್ದಾರೆ, ಬರಹದ ಕಾರಣವಿಲ್ಲದೆ ದೋಣಿ ವಾಪಸ್ ಕರೆಸುವಂತಿಲ್ಲ ಎಂದು ಸಾರ್ಜೆಂಟ್ ಹೇಳಿ, ನನ್ನ ಈ ಹೇಳಿಕೆ ಬರೆದುಕೊಳ್ಳಲು ಕುಳಿತರು. ಎಂಜಿನಿಯರರು, "ಸಹಿ ಬಿದ್ರೆ ಈ ಕಾಗದದ ಒಂದು ಪ್ರತಿ ನಮಗೂ ಬರುತ್ತೆ, ತಾಯಿ. ಯೋಚನೆ ಮಾಡಿ" ಎಂದು ಮೆಲ್ಲಗೆ ಹೇಳಿದರು.

ಹೊಲ ನದಿಯ ಆಚೆಗಿದೆ. ಇದು ನಿಜ, ಮೇಲೆ ಬರೆಸಿದ್ದೆಲ್ಲವೂ ನಿಜ. ಓದಿ ಹೇಳುವುದು ಬೇಡ. ದೋಣಿ ವಾಪಸ್ ತರಲು ಹೋಗುವ ಸವಾರ ಬಾಗಿಲಲ್ಲಿ ಕಾಯುತ್ತಿದ್ದಾನೆ, ಸಹಿಗೆ ಕಾಗದ ಕೊಡಿ.

ಸ್ಥಳ: ವಾದೊ ಸೆಕೊ ಶಾಲೆ
ದಿನಾಂಕ: 12 ಸೆಪ್ಟೆಂಬರ್ 1942, ಮಧ್ಯಾಹ್ನ 3:31
ಸಹಿ: ಎದುವಿಹೆಸ್ ಕರ್ರಾಸ್ಕೊ