ತೊಂಕಾ ಅಜ್ಜಿಯ ಕನಸು

ಲಾಸ್ತೊವೊ ದ್ವೀಪದ ಹಡಗುಕಟ್ಟೆಯ ಟಿಕೆಟ್ ಸಾಲಿನಲ್ಲಿ ನಿಂತಿದ್ದ ಪ್ರಯಾಣಿಕ ಯೆರ್ಕೊನ ಮುಂದೆಯೇ ಇಬ್ಬರು ಮಾತಾಡುತ್ತಿದ್ದರು. ಒಬ್ಬಳು ದ್ವೀಪದವರ ಕನಸುಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದ್ದ ಮಾನವಶಾಸ್ತ್ರದ ಪ್ರೊಫೆಸರ್ ನೆವೆಂಕಾ, ಇನ್ನೊಬ್ಬಳು ಅವಳನ್ನು ಬೀಳ್ಕೊಡಲು ಬಂದಿದ್ದ ತೊಂಕಾ ಅಜ್ಜಿ.

“ನಾಳೇನೇ ಪಟ್ಟಣದಲ್ಲಿ ನನ್ನ ಪುಸ್ತಕಕ್ಕೆ ಪದಕ ಕೊಡ್ತಾರೆ ಅಜ್ಜಿ. ನಿಮ್ಮ ಕನಸೇ ಅದ್ರಲ್ಲಿ ಮೊದಲನೇದು.”

“ಸಂತೋಷ ಮಗಳೇ. ಆದ್ರೆ ಸತ್ತ ಮೇಲೂ ದಿನಾ ಕನಸಿಗೆ ಬರ್ತಿದ್ದ ನಮ್ಮ ಮುದುಕ, ಅದನ್ನ ನಿಂಗೆ ಹೇಳಿದ ಮೇಲೆ ಬರೋದೇ ಬಿಟ್ಟ. ಪದಕ ನೀನೇ ಇಟ್ಕೋ, ಅವನನ್ನ ವಾಪಸ್ ಕೊಡು.”

ನೆವೆಂಕಾ ಆ ಕನಸನ್ನು ಅಜ್ಜಿಗೇ ತಿರುಗಿ ಹೇಳತೊಡಗಿದಳು.

“ಸಮುದ್ರ ಹಾಲಿನ ಹಾಗೆ ಬೆಳ್ಳಗಿದೆ. ಅವರು ನೀರಿನ ಮೇಲೆ ನಡ್ಕೊಂಡು ಬರ್ತಿದಾರೆ. ಕೈಯಲ್ಲಿ ಚಪ್ಪಲಿ…”

“ಚಪ್ಪಲಿ ಅಲ್ಲ ಕಣೇ, ಬೂಟು! ಒದ್ದೆಯಾಗುತ್ತೆ ಅಂತ ಹಿಡ್ಕೊಂಡಿದ್ದ.” ಅಜ್ಜಿ ಕಣ್ಣು ಮುಚ್ಚಿದಳು. “ಹೂಂ, ಆಮೇಲೆ?”

ಹಡಗು ಕೂಗಿತು. ನೆವೆಂಕಾ ಯೆರ್ಕೊನ ಕಡೆ ತಿರುಗಿ, “ನೀವು ಮುಂದೆ ಹೋಗಿ,” ಎಂದಳು. ಅಜ್ಜಿಯ ಕೈಹಿಡಿದು, ಕನಸಿನ ಮುಂದಿನ ಭಾಗವನ್ನು ಮೆಲ್ಲಗೆ ಹೇಳುತ್ತ, ಊರಿನ ದಾರಿ ಹಿಡಿದಳು.