ಹೊಸ್ತಿಲ ಹೊರಗೆ ನಿಂತವನು

ವೇದಿಕೆಯ ನಡುವೆ ಕೂತಿರುವ ಅಧ್ಯಕ್ಷರಾದ ಕೃಷ್ಣಾಜಿಯವರೇ, ಸಾಸವಡದಿಂದ ಇಷ್ಟು ಟ್ರಾಫಿಕ್ಕಿನಲ್ಲಿ ಬಂದ ಮುಖ್ಯ ಅತಿಥಿಗಳೇ, ಇಂದು ಸನ್ಮಾನ ಸ್ವೀಕರಿಸಲಿರುವ, ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳಾದ ಕಾಡಪ್ಪ ಕಾಕಾ ಅವರೇ, ನಮ್ಮ ಕನ್ನಡ ಬಳಗದ ಹಿರಿಯರೇ, ಅಕ್ಕಂದಿರೇ, ಮತ್ತು ಹಿಂದಿನ ಸಾಲಿನಲ್ಲಿ ಊಟದ ವಾಸನೆ ಬಂತೇನು ಎಂದು ನೋಡುತ್ತಿರುವ ಸಭಿಕರೇ.

ನಾನು ಶೈಲಶ್ರೀ. ಏಳು ತಿಂಗಳ ಕೂಸಿನ ತಾಯಿ. ಆಮಂತ್ರಣದಲ್ಲಿ ನನ್ನ ಹೆಸರಿನ ಮುಂದೆ 'ಕೃತಜ್ಞತೆಯ ಎರಡು ಮಾತು' ಎಂದು ಅಚ್ಚಾಗಿದೆ. ನನ್ನ ಮಗಳು ಚಿನ್ನುವನ್ನು ಮಕ್ಕಳ ಕಳ್ಳರ ಕೈಯಿಂದ ಉಳಿಸಿದ್ದಕ್ಕೆ ನಾನು ಕಾಡಪ್ಪ ಕಾಕಾ ಅವರನ್ನು ಹೊಗಳಬೇಕು, ಆಮೇಲೆ ಶಾಲು ಹೊದಿಸಬೇಕು. ಎರಡು ಮಾತಿನಲ್ಲಿ ಇದು ಮುಗಿಯುವಂಥದ್ದಲ್ಲ. ಅಧ್ಯಕ್ಷರು ನನಗೆ ಚೀಟಿ ಕಳಿಸಬಾರದು ಎಂದು ವಿನಂತಿ.

ಆ ಕಳ್ಳ ಯಾರು? ನಿಮ್ಮಲ್ಲಿ ಬಹಳ ಜನ ವಿಡಿಯೊ ನೋಡಿದ್ದೀರಿ, ಮುಂದಕ್ಕೂ ಕಳಿಸಿದ್ದೀರಿ. ಅವನ ಹೆಸರು ಮಧುಕರ್. ಕೋಲಾರದ ಕಡೆಯ ಹುಡುಗ, ವಯಸ್ಸು ಹತ್ತೊಂಬತ್ತು. ಜನ ಮಾರ್ಮನ್ ಎಂದು ಕರೆಯುವ ಚರ್ಚಿನ ಮಿಷನರಿ. ಎದೆಯ ಮೇಲಿನ ಬಿಲ್ಲೆಯಲ್ಲಿ 'ಎಲ್ಡರ್' ಎಂದಿರುತ್ತದೆ. ಮೀಸೆ ಇನ್ನೂ ನೆಟ್ಟಗೆ ಮೂಡದವನಿಗೆ ಹಿರಿಯನೆಂಬ ಪದವಿ. ನಮ್ಮ ಬಳಗದಲ್ಲಾದರೆ ಅದಕ್ಕೆ ಮೂರು ಸಲ ಚುನಾವಣೆ ಗೆಲ್ಲಬೇಕು.

ಇವನ ಬಗ್ಗೆ ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ನಿದ್ದೆ ಇಲ್ಲದವಳಿಗೆ ಬಾಲ್ಕನಿಯೇ ಟೀವಿ, ಉಳಿದದ್ದು ಆಮೇಲೆ ಅವನೇ ಹೇಳಿದ್ದು. ನಮ್ಮ ಯಜಮಾನರು, ಶಿವರಾಜ, ಭೋರ್ ಊರಿನ ಕಡೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಶನಿವಾರ ಬರುತ್ತಾರೆ. ಉಳಿದ ದಿನ ಚಿನ್ನು ಮತ್ತು ನಾನು. ಅವಳನ್ನು ಹೆಗಲ ಮೇಲೆ ಹಾಕಿಕೊಂಡು ನಾನು ಎದುರಿನ ಕಟ್ಟಡದ ನೆಲಮಹಡಿಯನ್ನು ನೋಡುತ್ತಿದ್ದೆ. ಅಲ್ಲಿ ಇವನೂ ಇವನ ಜೋಡಿಯ ತೆಲುಗು ಹುಡುಗನೂ ಬಾಡಿಗೆಗಿದ್ದಾರೆ. ಒಬ್ಬನನ್ನು ಬಿಟ್ಟು ಒಬ್ಬ ಎಲ್ಲಿಗೂ ಹೋಗುವಂತಿಲ್ಲ, ಅದು ಅವರ ನಿಯಮ. ಸೋಮವಾರ ಅವರಿಗೆ ಬಿಡುವು. ವಾರದ ಬಿಳಿ ಅಂಗಿಗಳನ್ನೆಲ್ಲ ಒಗೆದು ಹಗ್ಗದ ಮೇಲೆ ಹಾಕುತ್ತಾರೆ, ಅಂಗಳದಲ್ಲಿ ಕ್ರಿಕೆಟ್ ಆಡುತ್ತಾರೆ, ಸಂಜೆ ಮನೆಗೆ ವಿಡಿಯೊ ಕಾಲ್ ಮಾಡುತ್ತಾರೆ. ಮಧುಕರ್ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ತಲೆ ಬಾಚಿಕೊಂಡು, ಅಮ್ಮ ರುಕ್ಮಿಣಮ್ಮನ ಜೊತೆ ಮಾತಾಡುತ್ತಾನೆ. ವಾರಕ್ಕೆ ಆ ಒಂದು ಸಲ. ಎರಡು ವರ್ಷ ಊರಿಗೆ ಹೋಗುವಂತಿಲ್ಲ. ನಾನು ಬಾಲ್ಕನಿಯಲ್ಲಿ ನಿಂತು ನನ್ನ ಮಗಳು ಹತ್ತೊಂಬತ್ತು ವರ್ಷಕ್ಕೆ ಎಲ್ಲಿರುತ್ತಾಳೋ ಎಂದು ಸುಮ್ಮನೆ ಅಳುತ್ತಿದ್ದೆ. ಇರಲಿ, ಅದು ಇಲ್ಲಿಗೆ ಸಂಬಂಧವಿಲ್ಲ.

ಹೋದ ಮಂಗಳವಾರ ನಮ್ಮ ಲಿಫ್ಟ್ ಕೆಟ್ಟಿತ್ತು. ಕಾರ್ಯದರ್ಶಿಗಳಿಗೆ ನೆನಪಿರಬಹುದು, ಯಾಕೆಂದರೆ ಅದು ಈಗಲೂ ಕೆಟ್ಟೇ ಇದೆ. ಸಿಲಿಂಡರ್ ತಂದವನು ಕೆಳಗೇ ಇಳಿಸಿ ಹೋದ. ಕಂಕುಳಲ್ಲಿ ಕೂಸು ಹಿಡಿದುಕೊಂಡು ನಾನು ಅವನನ್ನು ಕನ್ನಡದಲ್ಲಿ ಬೈಯುತ್ತ ನಿಂತಿದ್ದೆ. ಹಿಂದಿನಿಂದ ಕನ್ನಡದಲ್ಲೇ ಉತ್ತರ ಬಂತು: "ಅಕ್ಕ, ಯಾವ ಫ್ಲೋರು?" ಮಧುಕರ್ ಮತ್ತು ಅವನ ಜೋಡಿಯ ಹುಡುಗ ಸೇರಿ ಸಿಲಿಂಡರನ್ನು ನಾಲ್ಕನೇ ಮಹಡಿಗೆ ಹೊತ್ತು ತಂದರು. ತಂದು, ಹೊಸ್ತಿಲ ಹೊರಗೆ ನಿಂತರು.

"ಒಳಗ ಬರ್ರಿ, ಚಹಾ ಕುಡೀರಿ" ಎಂದೆ.

"ಅಣ್ಣ ಮನೇಲಿ ಇದಾರಾ ಅಕ್ಕ?"

ನನಗೆ ಸಿಟ್ಟು ಬಂತು. "ಅವರಿದ್ದರೆ ನಿನ್ನ ಕೈಲಿ ಸಿಲಿಂಡರ್ ಯಾಕ ಹೊರಿಸ್ತಿದ್ದೆ?"

ಅವನು ನಕ್ಕ. ಗಂಡಸರಿಲ್ಲದ ಮನೆಯಲ್ಲಿ ಹೆಂಗಸು ಒಬ್ಬಳೇ ಇದ್ದರೆ ಅವರು ಒಳಗೆ ಕಾಲಿಡುವುದಿಲ್ಲವಂತೆ. ಚಹಾ ಕುಡಿಯುವುದಿಲ್ಲವಂತೆ. ಮಜ್ಜಿಗೆ ಕೊಟ್ಟೆ, ಹೊರಗೇ ನಿಂತು ಕುಡಿದರು; ಉಳಿದದ್ದನ್ನು ಡಬ್ಬಿಗೆ ಹಾಕಿ ಕೊಟ್ಟೆ. ಚಿನ್ನು ಅವನ ಟೈಗೆ ಕೈ ಚಾಚಿದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದ. ಕೂಸುಗಳನ್ನೂ ಎತ್ತಿಕೊಳ್ಳುವಂತಿಲ್ಲವಂತೆ. "ಹಂಗಾದ್ರ ನೀವು ಮಾಡೂದರೆ ಏನು? ನಿಮ್ಮ ದೇವರ ಬಗ್ಗೆನರೆ ಹೇಳು" ಎಂದೆ. ಅವನು ಹೇಳಿದ್ದು ಇಷ್ಟು: "ಕೇಳಿದ್ರೆ ಹೇಳ್ತೀನಿ ಅಕ್ಕ. ಆದ್ರೆ ನೀವು ನಿಂತಲ್ಲೇ ತೂಗಾಡ್ತಿದೀರ. ಮೊದ್ಲು ಕೂತ್ಕೊಳ್ಳಿ."

ಸಭಿಕರೇ, ಮತಾಂತರ ಮತಾಂತರ ಎಂದು ನಾಲ್ಕು ದಿನದಿಂದ ವಾಟ್ಸಾಪ್ ಗುಂಪಿನಲ್ಲಿ ಬರೆದಿರಿ. ಅವನು ನನಗೆ ಮಾಡಿದ ಧರ್ಮೋಪದೇಶ ಇದಿಷ್ಟೇ. ಅವನ ಧರ್ಮ ನನಗೆ ಬೇಕಾಗಿಲ್ಲ. ನನ್ನ ದೇವರ ಮನೆ ನನಗಿದೆ, ಅಲ್ಲಿ ದೀಪ ಹಚ್ಚಲಿಕ್ಕೆ ಐದು ನಿಮಿಷ ಸಿಕ್ಕರೆ ಸಾಕಾಗಿದೆ.

ಗುರುವಾರ ಮಧ್ಯಾಹ್ನ ಅವರು ಮಜ್ಜಿಗೆಯ ಡಬ್ಬಿ ತಿರುಗಿ ಕೊಡಲು ಬಂದರು. ಹಿಂದಿನ ಎರಡು ರಾತ್ರಿ ಚಿನ್ನುವಿಗೆ ಜ್ವರ, ನನಗೆ ಕಣ್ಣು ಮುಚ್ಚಲು ಆಗಿರಲಿಲ್ಲ. ಬಾಗಿಲು ತೆಗೆದಾಗ ಗೋಡೆ ಹತ್ತಿರ ಬಂದು ದೂರ ಹೋಯಿತು. ಕೂಸು ಕೈಯಿಂದ ಜಾರುತ್ತಿದೆ ಎಂದು ತಿಳಿಯಿತು. ಅವನ ಕೈಗೆ ತುರುಕಿದೆ. "ಹಿಡಿ" ಎಂದೆ. ಅವನು ಹಿಡಿದ. ತನ್ನ ನಿಯಮ ಮುರಿದು ಹಿಡಿದ. ನಾನು ಚಪ್ಪಲಿ ಸ್ಟ್ಯಾಂಡಿಗೆ ಒರಗಿ ಕೂತವಳು ಅಲ್ಲೇ ನಿದ್ದೆ ಹೋದೆ.

ಅವನು ಏನು ಮಾಡಬಹುದಿತ್ತು? ಒಳಗೆ ಬಂದು ಕೂಸನ್ನು ತೊಟ್ಟಿಲಲ್ಲಿ ಹಾಕಬಹುದಿತ್ತು. ಒಳಗೆ ಬರುವಂತಿಲ್ಲ. ನನ್ನನ್ನು ಎಬ್ಬಿಸಬಹುದಿತ್ತು. ಮನಸ್ಸು ಬರಲಿಲ್ಲವಂತೆ. ಆದ್ದರಿಂದ ಚಿನ್ನುವನ್ನು ಎದೆಗೆ ಹಾಕಿಕೊಂಡು ಹೊಸ್ತಿಲ ಹೊರಗೇ ನಿಂತ. ಜೋಡಿಯ ಹುಡುಗ ಕೆಳಗಿನ ಮಹಡಿಗೆ ಇಳಿದು, ಯಾರಾದರೂ ಹೆಣ್ಣುಮಕ್ಕಳು ಬರ್ರಿ ಎಂದು ಕರೆಯಲು ಕಾಡಪ್ಪ ಕಾಕಾ ಅವರ ಮನೆಯ ಬೆಲ್ ಒತ್ತಿದ. ಕಳ್ಳರು ಕಾರ್ಯದರ್ಶಿಯ ಮನೆಯ ಬೆಲ್ ಒತ್ತಿ ಕಳವು ಮಾಡಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಬಾಗಿಲು ತೆಗೆದದ್ದು ಅವರ ಹೆಂಡತಿ ರಂಜನಾ ಕಾಕು. ಅವರು ಮೇಲೆ ಬಂದು ನೋಡಿದರು, ಮೊದಲು ಮೊಬೈಲ್ ತೆಗೆದರು. ಕೂಸನ್ನು ಎತ್ತಿಕೊಳ್ಳಲಿಲ್ಲ, ಮೊಬೈಲ್ ತೆಗೆದರು. ಸೊಸೈಟಿಯ ಗುಂಪಿನಲ್ಲಿ ಮರಾಠಿಯಲ್ಲಿ 'ಮಕ್ಕಳನ್ನು ಒಯ್ಯುವ ಕಳ್ಳರ ಟೋಳಿ' ಎಂದು ಬಿತ್ತು. ಜನ ಏರಿ ಬಂದರು. ಕಾಡಪ್ಪ ಕಾಕಾ, ನೀವು ಬಂದಿರಿ. ಬಂದು ಹೊಡೆದಿರಿ.

ಅವನು ಕೈ ಎತ್ತಲಿಲ್ಲ, ಕೈಯಲ್ಲಿ ಕೂಸಿತ್ತು. ನಿಮಗೆ ಬೆನ್ನು ಕೊಟ್ಟು, ಗೋಡೆಯ ಕಡೆ ತಿರುಗಿ, ಅವಳ ತಲೆಯ ಮೇಲೆ ಅಂಗೈ ಇಟ್ಟುಕೊಂಡ. ಏಟೆಲ್ಲ ಬೆನ್ನಿಗೆ ಬಿತ್ತು. ಆ ಭಾಗ ಗುಂಪಿಗೆ ಕಳಿಸಿದ ವಿಡಿಯೊದಲ್ಲಿಲ್ಲ. ನಾನು ಎದ್ದದ್ದೇ ಆ ಗದ್ದಲಕ್ಕೆ. "ನಾನೇ ಕೊಟ್ಟೀನ್ರಿ ಕಾಕಾ, ಬಿಡ್ರಿ" ಎಂದು ಎಷ್ಟು ಸಲ ಹೇಳಿದೆ. ನೀವು ಏನೆಂದಿರಿ?

"ನಿನಗ ತಿಳಿಯೂದಿಲ್ಲ ತಂಗಿ. ಏನೋ ಮೂಸಿಸ್ಯಾರ. ನೀ ಒಳಗ ನಡಿ."

ನಾನು ಎಂ.ಎಸ್ಸಿ. ಓದಿದವಳು. ನನ್ನ ಕೂಸನ್ನು ನಾನು ಯಾರ ಕೈಗೆ ಕೊಟ್ಟೆ ಎಂಬುದು ನನಗೆ ತಿಳಿಯುವುದಿಲ್ಲ, ನಿಮಗೆ ತಿಳಿಯುತ್ತದೆ. ನೀವು ಕಸಿದುಕೊಂಡ ಮೇಲೇ ಚಿನ್ನು ಅತ್ತದ್ದು. ಅಲ್ಲಿಯವರೆಗೆ ನಿದ್ದೆಯಲ್ಲಿದ್ದಳು.

ಮುಂದಿನ ಸಾಲಿನಲ್ಲಿ ಕೂತ ನಮ್ಮ ಯಜಮಾನರು ನೆಲ ನೋಡುತ್ತಿದ್ದಾರೆ. ನಿನ್ನೆ ಅವರು ಅಂದರು, "ಹೋಗ್ಲಿ ಬಿಡು ಶೈಲಾ, ಕಾಕಾ ದೊಡ್ಡವರು, ನಾಳೆ ಅದೇ ಬಿಲ್ಡಿಂಗಿನ್ಯಾಗ ಇರಬೇಕು." ಇರೋಣ. ಆದರೆ ಆ ಹುಡುಗ ಇರುವಂತಿಲ್ಲ. ಮನೆ ಖಾಲಿ ಮಾಡು ಎಂದು ಮಾಲೀಕರು ಹೇಳಿಯಾಗಿದೆ. ಪೊಲೀಸ್ ಚೌಕಿಯಲ್ಲಿ ಅವನ ಮೇಲೆ ದೂರು ಕೂತಿದೆ. ತಾಯಿ ಬಂದು ಹೇಳಿಕೆ ಕೊಟ್ಟರೆ ಮುಂದುವರಿಸುತ್ತೇವೆ ಎಂದು ಸಾಹೇಬರು ಅಂದಿದ್ದಾರೆ. ಶಾಲಿನ ಕಾರ್ಯಕ್ರಮ ಮುಗಿಸಿ ನನ್ನನ್ನು ಕರೆದುಕೊಂಡು ಹೋಗುವುದು ಕಾಕಾ ಅವರ ಯೋಜನೆ.

ಇಂದು ಬೆಳಿಗ್ಗೆ ಅವನು ಚರ್ಚಿಗೆ ಹೊರಟಿದ್ದಾಗ ಗೇಟಿನ ಹತ್ತಿರ ನಾನೇ ಮಾತಾಡಿಸಿದೆ. ಕತ್ತು ತಿರುಗಿಸಲು ಬರುತ್ತಿರಲಿಲ್ಲ ಅವನಿಗೆ. ನನ್ನ ಮೇಲೆ ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅವನು ಕೇಳಿದ್ದು, "ಪಾಪುಗೆ ಜ್ವರ ಬಿಡ್ತಾ ಅಕ್ಕ?" ಆಮೇಲೆ, "ವಿಡಿಯೊ ಊರಿಗೂ ಹೋಗಿದೆ. ಅಮ್ಮಂಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ."

ಈ ಸಭೆಯಲ್ಲಿ ಎಷ್ಟು ಜನ ತಾಯಂದಿರಿದ್ದೀರಿ? ಚಿನ್ನು ಹುಟ್ಟಿದ ಮೇಲೆ ಬೆಳ್ಳಿ ಗೆಜ್ಜೆ ತಂದಿರಿ, ಹೆಸರಿಡುವ ದಿನ ಊಟಕ್ಕೆ ಬಂದಿರಿ, ಹಾಲು ಸಾಕಾಗುತ್ತದೇನು ಎಂದು ಎಲ್ಲರೆದುರು ಕೇಳಿದಿರಿ. ತಾ ಇಲ್ಲಿ, ತಾಸು ಹೊತ್ತು ನಾನು ಹಿಡೀತೀನಿ, ನೀ ಮಲಕೋ ಎಂದು ಒಬ್ಬರಾದರೂ ಅಂದಿರೇನು? ನಾನು ಬಾಯಿ ಬಿಟ್ಟು ಕೇಳಲಿಲ್ಲ, ನಿಜ. ಸಿಲಿಂಡರ್ ಹೊರು ಎಂದು ಅವನನ್ನೂ ಕೇಳಿರಲಿಲ್ಲ.

ಕಾಕಾ, ಈ ಶಾಲನ್ನು ನಾನು ನಿಮಗೆ ಹೊದಿಸುವುದಿಲ್ಲ. ನೀವು ಕರೆದುಕೊಂಡು ಹೋಗುವವರೆಗೆ ಕಾಯುವುದೂ ಇಲ್ಲ. ನಾನೀಗಲೇ ಚೌಕಿಗೆ ಹೊರಟಿದ್ದೇನೆ. ಕೂಸನ್ನು ನಾನೇ ಕೊಟ್ಟೆ, ಅವನು ಹೊಸ್ತಿಲು ದಾಟಲಿಲ್ಲ, ಹೊಡೆದವರು ಇಂಥವರು ಎಂದು ಹೆಸರು ಹೇಳಿ ಬರೆಸುತ್ತೇನೆ. ರಂಜನಾ ಕಾಕು, ನಿಮ್ಮ ಮೊಬೈಲಿನಲ್ಲಿ ಪೂರ್ತಿ ವಿಡಿಯೊ ಇದೆ. ಬರುವುದಾದರೆ ಕೆಳಗೆ ರಿಕ್ಷಾದಲ್ಲಿ ಜಾಗವಿದೆ. ಬರದಿದ್ದರೂ ನಾನು ಹೋಗುವವಳೇ. ಶಿವರಾಜ ಅವರೇ, ಚಿನ್ನುವನ್ನು, ನಿನ್ನೆ ಊರಿಂದ ಬಂದ ಅತ್ತೆಯವರಿಂದ ಇಸಿದುಕೊಳ್ಳಿ, ನಾನು ಬರುವವರೆಗೆ ನೀವು ಎತ್ತಿಕೊಂಡಿರಿ.

ನಾಳೆ ಸೋಮವಾರ. ಸಂಜೆ ಕೋಲಾರದಲ್ಲಿ ಒಬ್ಬ ತಾಯಿ ಫೋನ್ ಎದುರು ಕೂತಿರುತ್ತಾಳೆ. ಅಷ್ಟರೊಳಗೆ ಅವಳ ಮಗನಿಗೆ ಹೇಳಲು ಒಂದು ಒಳ್ಳೆಯ ಮಾತು ಸಿಗಬೇಕು.

ಇಷ್ಟು ಹೊತ್ತು ಮೈಕು ಬಂದ್ ಮಾಡದ ಅಧ್ಯಕ್ಷರಿಗೆ ವಂದನೆ. ಕೂತು ಕೇಳಿದ ನಿಮಗೆಲ್ಲ ವಂದನೆ. ನಮಸ್ಕಾರ.